ಎರಿಕ್ ಉರ್ಬಾಕ್: ಒಬ್ಬರ ಹೆಸರಲ್ಲಿ ಎರಡು ಕಾಯಿಲೆ, ಯಾವುದು ಯಾವುದು?

ಕದ್ರಿಗುಡ್ಡೆ (ಮಂಗಳೂರು): ಗೋಡೆ ಪತ್ರಿಕೆಗೆ ವಿಯೆನ್ನಾದ ಚರ್ಮವೈದ್ಯ ಎರಿಕ್ ಉರ್ಬಾಕ್ ಬಗ್ಗೆ ಒಂದು ಪುಟ ಬರೆಯುವುದಿದೆ. ಅವರ ಹೆಸರು ಲಿಪಾಯ್ಡ್ ಪ್ರೋಟೀನೋಸಿಸ್ ಎಂಬ ಅಪರೂಪದ ವಂಶಪಾರಂಪರ್ಯ ಕಾಯಿಲೆಯ ಜೊತೆಗೂ ಬರುತ್ತದೆ, ಸಕ್ಕರೆ ಕಾಯಿಲೆಯವರ ಮೊಣಕಾಲ ಕೆಳಗೆ ಏಳುವ ಚರ್ಮದ ಕಲೆ ನೆಕ್ರೋಬಯೋಸಿಸ್ ಲಿಪಾಯ್ಡಿಕಾ ಜೊತೆಗೂ ಬರುತ್ತದೆ. ಎರಡೂ ಒಂದೆಯಾ? ದೇಶ ಬಿಟ್ಟ ಮೇಲೆ ಅವರು ಏನು ಮಾಡಿದರು? ಲಿಪಾಯ್ಡ್ ಪ್ರೋಟೀನೋಸಿಸ್ ಚರ್ಮದ ಸೂಕ್ಷ್ಮದರ್ಶಕ ಸ್ಲೈಡಿನ ಫೋಟೋವೂ ಬೇಕು, ಆದರೆ ಪಿಎಎಸ್ (ಪರ್‌ಅಯೋಡಿಕ್ ಆಮ್ಲ–ಷಿಫ್) ಬಣ್ಣ ಪೇಲವವಾಗಿಯೇ ಬರುತ್ತಿದೆ.

ಎಂಡ್ ಪಾಯಿಂಟ್ (ಮಣಿಪಾಲ): ಎರಡೂ ಬೇರೆ ಬೇರೆ ಮಾರಾಯ್ರೆ. ಲಿಪಾಯ್ಡ್ ಪ್ರೋಟೀನೋಸಿಸ್ ಬಗ್ಗೆ ಉರ್ಬಾಕ್ ಬರೆದದ್ದು 1929ರಲ್ಲಿ. ಜೊತೆಗೆ ಬರೆದ ಕಮಿಲೊ ವೀಥೆ ಕಿವಿ-ಮೂಗು-ಗಂಟಲಿನ ವೈದ್ಯ. ಇದನ್ನು ಖಂಡಿತ ಬಿಡಬೇಡಿ, ಯಾಕೆಂದರೆ ಈ ಕಾಯಿಲೆ ಹೆಚ್ಚಾಗಿ ಚರ್ಮಕ್ಕಿಂತ ಮೊದಲು ಗಂಟಲಲ್ಲೇ ತೋರುತ್ತದೆ: ಹಸುಗೂಸಿನ ಅಳುವೇ ಒಡಕು. ಮುಂದೆ ರೆಪ್ಪೆಯಂಚಿನಲ್ಲಿ ಮಣಿ ಪೋಣಿಸಿದಂತೆ ಸಣ್ಣ ಗುಳ್ಳೆಗಳ ಸಾಲು. ನಾಲಗೆ ದಪ್ಪವಾಗಿ, ಅದರಡಿಯ ಕಟ್ಟು ಬಿಗಿದು, ಹೊರಗೆ ಚಾಚಲಿಕ್ಕೆ ಆಗುವುದಿಲ್ಲ. ಬರೀ ಸ್ವರದ ತೊಂದರೆ ಎಂದುಕೊಂಡರೆ ಕಾಯಿಲೆ ತಪ್ಪಿಹೋಗುತ್ತದೆ. ಒಡಕು ಸ್ವರದ ಮಗುವಿನ ರೆಪ್ಪೆಯನ್ನು ಓರೆ ಬೆಳಕಿನಲ್ಲಿ ನೋಡಬೇಕು. ಇಸಿಎಂ1 ಜೀನಿನ ದೋಷವೆಂದು ಗೊತ್ತಾದದ್ದು 2002ರಲ್ಲಿ. ತಂದೆತಾಯಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸೋದರ ಸಂಬಂಧದ ಮದುವೆಯಾ ಎಂದು ಕೇಳಲೇಬೇಕು.

ನೆಕ್ರೋಬಯೋಸಿಸ್ಸನ್ನು ಮೊದಲು ವಿವರಿಸಿದ್ದು ಮೋರಿಟ್ಸ್ ಓಪನ್‌ಹೈಮ್, 1929ರಲ್ಲಿ. ಉರ್ಬಾಕ್ ಅದರ ಬಗ್ಗೆ ಬರೆದದ್ದು ಆಮೇಲೆ, 1932ರಲ್ಲಿ.

ಸ್ಲೈಡ್ ಬಾಕ್ಸ್ (ಉಡುಪಿ): ಪರ್‌ಅಯೋಡಿಕ್ ಆಮ್ಲ 0.5% 5 ನಿಮಿಷ, ತೊಳೆದು ಷಿಫ್ ದ್ರಾವಣ 15 ನಿಮಿಷ, ಆಮೇಲೆ ಹರಿಯುವ ನಲ್ಲಿ ನೀರು 5–10 ನಿಮಿಷ. ಬಣ್ಣ ಏರುವುದು ಆ ನೀರಿನಲ್ಲೇ, ಅಲ್ಲಿ ಅವಸರ ಮಾಡಬೇಡಿ. ಷಿಫ್ ಬಾಟಲಿ ನಮ್ಮ ಸೆಖೆಯಲ್ಲಿ ಹೊರಗಿದ್ದರೆ ಸಲ್ಫರ್ ಡೈಆಕ್ಸೈಡ್ ಹಾರಿ ದ್ರಾವಣ ತಾನಾಗಿಯೇ ಗುಲಾಬಿಯಾಗುತ್ತದೆ, ಫ್ರಿಜ್ಜಿನಲ್ಲಿಡಿ. ಫಾರ್ಮಲಿನ್‌ಗೆ ಕೆಲವು ಹನಿ ಬಿಟ್ಟು ನೋಡಿ: ಥಟ್ಟನೆ ಕೆನ್ನೇರಳೆಯಾದರೆ ಸರಿ, ತಡವಾಗಿ ನೀಲಿ ಛಾಯೆ ಬಂದರೆ ಚೆಲ್ಲಿ. ಇನ್ನೊಂದು ಸ್ಲೈಡನ್ನು ಡಯಾಸ್ಟೇಸ್ (ಗ್ಲೈಕೋಜನ್ ಕರಗಿಸುವ ಕಿಣ್ವ) ಹಾಕಿ ಮಾಡಿ. ಗ್ಲೈಕೋಜನ್ ಹೋಗುತ್ತದೆ, ಲಿಪಾಯ್ಡ್ ಪ್ರೋಟೀನೋಸಿಸ್‌ನ ಹಯಲಿನ್ (ಗಾಜಿನಂತೆ ಕಾಣುವ ವಸ್ತು) ಉಳಿಯುತ್ತದೆ. ಬಿಸಿಲಿಗೆ ಚರ್ಮ ಉರಿಯುವ ಕಾಯಿಲೆ ಪ್ರೋಟೋಪೋರ್ಫಿರಿಯಾದಲ್ಲೂ ಹೀಗೆಯೇ ಕಾಣುವುದುಂಟು, ಆದರೆ ಅಲ್ಲಿ ಬಿಸಿಲು ತಾಗುವ ಕಡೆ, ರಕ್ತನಾಳಗಳ ಸುತ್ತ. ಇಲ್ಲಿ ಬೆವರು ಗ್ರಂಥಿಗಳ ಸುತ್ತಲೂ ಕಟ್ಟಿಕೊಂಡಿರುತ್ತದೆ.

ಹಳೇಬಂದರು: ಉರ್ಬಾಕ್ ಜೀವನದ ಭಾಗ ಹೇಳುತ್ತೇನೆ. ಹುಟ್ಟಿದ್ದು 1893, ಪ್ರಾಗ್. ಓದು, ಕೆಲಸ ವಿಯೆನ್ನಾದಲ್ಲಿ. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ಜರ್ಮನಿಗೆ ಸೇರಿಸಿಕೊಂಡ. ಯಹೂದಿ ವೈದ್ಯರ ಹುದ್ದೆಗಳು ಹೋದವು. ಉರ್ಬಾಕ್ ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿ, ಅಲ್ಲಿ ಅಲರ್ಜಿ ವಿಭಾಗ ನಡೆಸಿದರು. 1943ರಲ್ಲಿ ಅಲರ್ಜಿಯ ಮೇಲೆ ದೊಡ್ಡ ಪುಸ್ತಕ ಬಂತು. 1946ರಲ್ಲಿ ತೀರಿಕೊಂಡರು. ಕೆಲವು ಕಡೆ ‘ಅಮೆರಿಕದ ಚರ್ಮವೈದ್ಯ’ ಎಂದಿದೆ, ನೀವು ಹಾಗೆ ಬರೆಯಬೇಡಿ. ಎರಡೂ ಕಾಯಿಲೆಯ ಕೆಲಸ ನಡೆದದ್ದು ವಿಯೆನ್ನಾದಲ್ಲಿ.