ಕಬರ್‌ತಾಲ್: ಗೋಧಿ ಬೆಳೆದ ನೆಲವೂ ಸರೋವರವೇ?

ಪ್ರಶ್ನೆ:
ಕಳೆದ ಮಾರ್ಚ್‌ನಲ್ಲಿ ಬಿಹಾರದ ಬೇಗುಸರಾಯ್ ಜಿಲ್ಲೆಯ ಕಬರ್‌ತಾಲ್‌ಗೆ ಹೋಗಿದ್ದೆ. ಬೂಢಿ ಗಂಡಕ್ ನದಿ ತೊರೆದುಹೋದ ತಿರುವಿನಲ್ಲಿ ಉಳಿದ ಈ ನೀರು 2020ರಲ್ಲಿ ಬಿಹಾರದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ, ಆಯಿತೆಂದು ಓದಿದ್ದೆನಾದ್ದರಿಂದ ವಿಶಾಲವಾದ ಸರೋವರವನ್ನೇ ನಿರೀಕ್ಷಿಸಿದ್ದೆ. ಜಯಮಂಗಲಾ ಗಢದ ಹತ್ತಿರ ಕಂಡದ್ದು ಬಿರುಕುಬಿಟ್ಟ ಕೆಸರಿನ ಮೇಲೆ ಬೋರಲು ಹಾಕಿದ ಒಂದು ದೋಣಿ, ಅದರಿಂದ ಇಪ್ಪತ್ತು ಹೆಜ್ಜೆಯಾಚೆ ತೆನೆಬಿಟ್ಟ ಗೋಧಿ. ಇದು ಒತ್ತುವರಿಯೋ, ಇಂಥ ಸರೋವರಗಳ ಸ್ವಭಾವವೋ?

ಉತ್ತರ 1:
ಬಹುಮಟ್ಟಿಗೆ ಸ್ವಭಾವ. ಸಮತಟ್ಟಾದ ಬಯಲಿನಲ್ಲಿ ನದಿಯು ತಿರುವಿನ ಹೊರದಂಡೆಯನ್ನು ಕೊರೆಯುತ್ತ, ಒಳದಂಡೆಗೆ ಮರಳು ಪೇರಿಸುತ್ತ ಸಾಗುವುದರಿಂದ ತಿರುವಿನ ಎರಡು ತುದಿಗಳ ನಡುವಿನ ನೆಲ ಕಿರಿದಾಗುತ್ತ ಬಂದು, ಯಾವುದೋ ಒಂದು ಪ್ರವಾಹದಲ್ಲಿ ಕಡಿದುಹೋಗುತ್ತದೆ. ನದಿ ನೇರ ದಾರಿ ಹಿಡಿಯುತ್ತದೆ, ಬಿಟ್ಟ ತಿರುವಿನ ಬಾಯಿಗಳು ಹೂಳಿನಿಂದ ಮುಚ್ಚಿಕೊಳ್ಳುತ್ತವೆ. ಉಪಗ್ರಹ ಚಿತ್ರದಲ್ಲಿ ಇಂಥ ತಿರುವುಗಳ ಒಳಮಗ್ಗುಲನ್ನು ನೋಡಿದರೆ, ನದಿ ಸರಿದ ಗುರುತಾಗಿ ಒಂದರ ಪಕ್ಕ ಒಂದರಂತೆ ಬಾಗಿದ ಗೆರೆಗಳು ಹಲವೆಡೆ ಕಾಣುತ್ತವೆ. ಹರಿವಿಲ್ಲದ ಈ ತಗ್ಗು ವರ್ಷವರ್ಷವೂ ಆಳ ಕಳೆದುಕೊಳ್ಳುತ್ತದೆ. ಕಬರ್‌ತಾಲ್‌ನಲ್ಲಿ ಮಳೆಗಾಲದ ನೀರೇ ಸುಮಾರು 1.5 ಮೀಟರ್ ಆಳ. ಬೇಸಿಗೆಗೆ ಅಂಚು ಒಣಗುವುದರಲ್ಲಿ ಆಶ್ಚರ್ಯವಿಲ್ಲ.

ಉತ್ತರ 2:
1971ರ ರಾಮ್ಸಾರ್ ಒಪ್ಪಂದದ ವ್ಯಾಖ್ಯೆಯಲ್ಲೇ ತಾತ್ಕಾಲಿಕವಾಗಿ ನೀರು ನಿಲ್ಲುವ ನೆಲವೂ ಜೌಗುಭೂಮಿಯೇ. ಆದರೆ ಎಲ್ಲವನ್ನೂ ಸ್ವಭಾವದ ಮೇಲೆ ಹಾಕುವುದನ್ನು ನಾನು ಒಪ್ಪಲಾರೆ. ನೀರನ್ನು ಬಸಿದುಬಿಡುವುದು, ಎತ್ತುವುದು, ಒಡ್ಡು ಕಟ್ಟುವುದು, ಕಾಲುವೆ ತೋಡುವುದು ಇಲ್ಲಿಯ ಮುಖ್ಯ ಅಪಾಯಗಳೆಂದು ರಾಮ್ಸಾರ್ ವಿವರಣೆಯೇ ಹೇಳುತ್ತದೆ. ಬೇಸಾಯಗಾರನಿಗೆ ನೀರು ಬೇಗ ಇಳಿಯಬೇಕು, ಮೀನುಗಾರನಿಗೆ ನಿಲ್ಲಬೇಕು. 1989ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ ಪ್ರದೇಶದೊಳಗೆ ಖಾಸಗಿ ಜಮೀನುಗಳೂ ಸೇರಿರುವುದರಿಂದ ಈ ಜಗಳ ಸುಲಭಕ್ಕೆ ಬಗೆಹರಿದಿಲ್ಲ. ಒಣಗಿದ ಅಂಚನ್ನು ಉತ್ತವರನ್ನೆಲ್ಲ ಒತ್ತುವರಿದಾರರೆನ್ನುವುದು ಅನ್ಯಾಯ. ಅಂಚು ಬೇಗ ಒಣಗಲೆಂದು ನೀರನ್ನು ಹೊರಗೆ ಹರಿಸುವುದು ಬೇರೆಯೇ ಮಾತು. ನೀರು ಬೇಕಾದದ್ದು ಮೀನುಗಾರನಿಗಷ್ಟೇ ಅಲ್ಲ: ಮಧ್ಯ ಏಷ್ಯಾದ ವಲಸೆಮಾರ್ಗದಲ್ಲಿ ಬರುವ 58 ಜಾತಿಯ ನೀರುಹಕ್ಕಿಗಳು ಇಲ್ಲಿ ತಂಗುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೂಳಿನಿಂದಾದ ಕುಗ್ಗುವಿಕೆಯನ್ನೂ ನೀರು ಬಸಿದದ್ದರಿಂದಾದ ಕುಗ್ಗುವಿಕೆಯನ್ನೂ ಪ್ರತ್ಯೇಕಿಸುವುದು ಹೇಗೆ?

ಉತ್ತರ 1:
ಚಿತ್ರ ನೋಡಿಯೇ ತೀರ್ಪು ಕೊಡಲಾಗದು, ಸುಳಿವು ಸಿಗುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ತೆಗೆದ ಚಿತ್ರಗಳು ಈಗ ಉಚಿತವಾಗಿ ಸಿಗುತ್ತವೆ. ಮಾರ್ಚ್‌ನದನ್ನು ಬಿಟ್ಟು, ಮೋಡ ಚದುರಿದ ಮೇಲಿನ ಅಕ್ಟೋಬರ್, ನವೆಂಬರ್ ಚಿತ್ರಗಳನ್ನು ಹೋಲಿಸಿ. ಹೂಳು ತುಂಬುವುದು ನಿಧಾನದ ಕೆಲಸ. ಸಾಕಷ್ಟು ಮಳೆಯಾದ ವರ್ಷಗಳಲ್ಲೂ ನೀರಿನ ಅಂಚು ಥಟ್ಟನೆ ಒಳಸರಿದಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಕಾಲುವೆಯನ್ನು.