ಗೇಮಿಂಗ್ ಪಿಸಿಗೆ 5.1 ಸ್ಪೀಕರ್: ಆಪ್ಟಿಕಲ್ ಹಚ್ಚಲೋ, ಮೂರು ಜಾಕ್ ಹಚ್ಚಲೋ?

ಪ್ರಶ್ನೆ (ಬಾಗಲಕೋಟೆ, ನವನಗರ)
ಗೇಮಿಂಗ್ ಪಿಸಿಗೆ 5.1 ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ತಗೋಬೇಕಂತೀನಿ. 10×12 ಫೂಟಿನ ಖೋಲಿ, ಟೇಬಲ್ ಗ್ವಾಡಿಗೆ ಹತ್ತಿ ಐತಿ. ಮದರ್‌ಬೋರ್ಡಿನ ಹಿಂದ ಹಸಿರು, ನೀಲಿ, ಗುಲಾಬಿ ಮೂರೇ ಜಾಕ್, ಬಾಜೂಕ ಒಂದು ಆಪ್ಟಿಕಲ್ (ಬೆಳಕಿನ ಮ್ಯಾಲ ಡಿಜಿಟಲ್ ಸೌಂಡ್ ಕಳಿಸೂ ಪೋರ್ಟ್). ಅಂಗಡ್ಯಾಗ, ಆಪ್ಟಿಕಲ್ ಇದ್ದ ಸೆಟ್ ತಗೋರಿ, ಒಂದೇ ವಾಯರ್‌ನ್ಯಾಗ ಎಲ್ಲಾ ಮುಗೀತೈತಿ ಅಂತಾರ. ನನಗ ಬೇಕಾದ್ದು ಇಷ್ಟ: ಗೇಮಿನ್ಯಾಗ ಹಿಂದ ಬಂದವನ ಹೆಜ್ಜಿ ಸಪ್ಪಳ ಹಿಂದಿನ ಸ್ಪೀಕರ್‌ನ್ಯಾಗ ಬರಬೇಕು.

ಉತ್ತರ 1 (ಬೆಳಗಾವಿ, ಟಿಳಕವಾಡಿ)
ಗೇಮಿಗೆ ಆಪ್ಟಿಕಲ್ ಬ್ಯಾಡ್ರಿ. ಒತ್ತದ (ಕಂಪ್ರೆಸ್ ಮಾಡದ) ಸೌಂಡ್ ಆದ್ರ ಅದರಾಗ ಎಡ-ಬಲ ಎರಡೇ ಚಾನೆಲ್ ಹೋಗತಾವು. ಸಿನಿಮಾದಾಗ ಡಾಲ್ಬಿ ಡಿಜಿಟಲ್ ಟ್ರ್ಯಾಕ್ ಮೊದಲ ಒತ್ತಿ ಇಟ್ಟಿರತೈತಿ, ಹಂಗಾಗಿ 5.1 ದಾಟತೈತಿ. ಗೇಮ್ ಆಡೂ ಮುಂದ ಸೌಂಡ್ ಅಲ್ಲೇ ಹುಟ್ಟತೈತಿ, ಅದನ್ನ ಆಗಿಂದಾಗ ಒತ್ತಾಕ ಬೋರ್ಡಿನ್ಯಾಗ ಡಾಲ್ಬಿ ಡಿಜಿಟಲ್ ಲೈವ್ ಇಲ್ಲಾ ಡಿಟಿಎಸ್ ಕನೆಕ್ಟ್ ಇರಬೇಕು. ಇಲ್ಲಂದ್ರ ಬರೇ ಸ್ಟೀರಿಯೊ. ಅಂಗಡಿಯವ್ರು ಸಿನಿಮಾ ಹಚ್ಚಿ ತೋರಿಸಿರತಾರ, ಮೋಸ ಆಗೂದು ಅಲ್ಲೇ.

ಮೂರು ಜಾಕ್ ಸಾಕು. ಸೆಟ್ ತಗೊಳ್ಳೂ ಮುಂದ ಡಬ್ಬಿ ಮ್ಯಾಗಿನ ಪಿಎಂಪಿಒ ವ್ಯಾಟ್ (ಉಬ್ಬಿಸಿ ಬರೆದ ಪವರ್ ಅಂಕಿ) ನೋಡಬ್ಯಾಡ್ರಿ, ಸಬ್‌ವೂಫರ್ ಹೊಳ್ಳಿಸಿ ಹಿಂಭಾಗ ನೋಡ್ರಿ. ಆರು ಆರ್‌ಸಿಎ ಇನ್‌ಪುಟ್ (ಟಿವಿ ಹಿಂದ ಇರೂವಂಥ ಕೆಂಪು-ಬಿಳಿ ದುಂಡನ ಜಾಕ್) ಇರಬೇಕು. ಬರೇ ಕೆಂಪು-ಬಿಳಿ ಎರಡು ಇದ್ರ ಅದು ಸ್ಟೀರಿಯೊವನ್ನ ಐದು ಡಬ್ಬಿಗೆ ಹಂಚೂ ಸೆಟ್, ಬಿಡ್ರಿ.

3.5 ಎಂಎಂನಿಂದ ಎರಡು ಆರ್‌ಸಿಎ ಆಗೂ ಕೇಬಲ್ ಮೂರು ಬೇಕು. ನಿಮ್ಮಂಥ ಬೋರ್ಡಿನ್ಯಾಗ ಸಾಮಾನ್ಯವಾಗಿ ಹಸಿರು ಮುಂದಿನ ಜೋಡಿಗೆ, ನೀಲಿ ಹಿಂದಿನ ಜೋಡಿಗೆ, ಗುಲಾಬಿ ಸೆಂಟರ್-ಸಬ್‌ಗೆ (ಮ್ಯಾನ್ಯುಯಲ್‌ನ್ಯಾಗ ಒಮ್ಮೆ ತಾಳೆ ನೋಡ್ರಿ). ಮೈಕ್ ಇನ್ನ ಕ್ಯಾಬಿನೆಟ್ಟಿನ ಮುಂದಿನ ಜಾಕಿಗೆ. ನೀಲಿಗೆ ಹಚ್ಚಿದ ಕೂಡಲೆ ರಿಯಲ್‌ಟೆಕ್ (ಬೋರ್ಡಿನ ಸೌಂಡ್ ಸಾಫ್ಟ್‌ವೇರ್) ಏನು ಹಚ್ಚೀರಿ ಅಂತ ಕೇಳತೈತಿ, ರಿಯರ್ ಸ್ಪೀಕರ್ ಔಟ್ ಆರಿಸ್ರಿ. ಆಮ್ಯಾಲ ಕಂಟ್ರೋಲ್ ಪ್ಯಾನೆಲ್, ಸೌಂಡ್, ಪ್ಲೇಬ್ಯಾಕ್, ಕಾನ್ಫಿಗರ್‌ನ್ಯಾಗ 5.1 ಆರಿಸಿ ಒಂದೊಂದ ಸ್ಪೀಕರ್ ಟೆಸ್ಟ್ ಮಾಡ್ರಿ. ಸೆಂಟರ್ ಒತ್ತಿದಾಗ ಸಬ್ ಗುಂಯ್ ಅಂದ್ರ ಆ ಕೇಬಲ್ಲಿನ ಕೆಂಪು-ಬಿಳಿ ಅದಲಾಬದಲಿ ಮಾಡ್ರಿ, ಬ್ಯಾರೆ ಏನೂ ಕೆಟ್ಟಿಲ್ಲ.

ವಿಂಡೋಸ್ ಸೋನಿಕ್ (ಹೆಡ್‌ಫೋನಿಗಂತ ಇರೂ ಸರೌಂಡ್ ಸೆಟ್ಟಿಂಗ್) ಬಂದ್ ಇರಲಿ. ಗೇಮಿನ ಒಳಗ ಹೆಡ್‌ಫೋನ್ ಅಂತ ಇದ್ದಿದ್ದನ್ನ ಸ್ಪೀಕರ್ ಮಾಡ್ರಿ. ಇದನ್ನ ಮರೆತು ಸೆಟ್ಟಿಗೆ ಬೈಯೋರ ಜಾಸ್ತಿ.

ಉತ್ತರ 2 (ವಿಜಯಪುರ)
ಮೇಲಿನವರು ಹೇಳಿದ್ದು ಖರೆ ಅದ. ಆದ್ರ ಅನಲಾಗ್ ಕೇಬಲ್ ಹಚ್ಚಿದ ಮ್ಯಾಲ ಗುಂಯ್ ಅನ್ನೂ ಸಪ್ಪಳ ಬರಬಹುದು. ಪಿಸಿ ಕಡೆ ಮೂರೂ ಕೇಬಲ್ ಕಿತ್ತು ನೋಡ್ರಿ. ಸಪ್ಪಳ ನಿಂತ್ರ ಅದು ಗ್ರೌಂಡ್ ಲೂಪ್ (ಎರಡು ಅರ್ಥಿಂಗ್ ದಾರಿ ಕೂಡಿ ಬರೋ ಸಪ್ಪಳ) ಇರಬಹುದು. ಪಿಸಿ, ಮಾನಿಟರ್, ಸೆಟ್ ಮೂರನ್ನೂ ಅರ್ಥಿಂಗ್ ಇರೋ ಒಂದೇ ಸ್ವಿಚ್ ಬೋರ್ಡಿಗೆ ಹಚ್ರಿ. ಮೂರನೇ ಪಿನ್ ಮುರಿದು ಸಪ್ಪಳ ನಿಲ್ಲಿಸೂದು ಬ್ಯಾಡ, ಶಾಕ್ ಹೊಡೀತದ. ಬ್ಯಾಸಿಗ್ಯಾಗ ನಮ್ಮ ಕಡೆ ಎರಿಮಣ್ಣು ಬಿರಿತದ, ಅರ್ಥಿಂಗ್ ಕುಣಿ ಒಣಗ್ತದ. ಅದಕ್ಕ ನೀರು ಹಾಕ್ರಿ.

ಉತ್ತರ 3 (ಬೆಳಗಾವಿ)
ಮುಂದ ಎವಿ ರಿಸೀವರ್ (ಸೌಂಡ್ ಬಿಚ್ಚಿ ಸ್ಪೀಕರ್‌ಗಳಿಗೆ ಹಂಚೂ ಆಂಪ್ಲಿಫೈಯರ್) ತಗೊಳ್ಳೋ ವಿಚಾರ ಇದ್ರ ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ಎಲ್ಲಕ್ಕಿಂತ ಛಲೋ. ಒತ್ತದ ಎಂಟು ಚಾನೆಲ್ ತನಕ ಹೋಗತಾವು. ಮಾನಿಟರನ್ನ ಡಿಸ್‌ಪ್ಲೇಪೋರ್ಟಿನಿಂದ ನೇರ ಹಚ್ರಿ, ಇಲ್ಲಂದ್ರ ಹಳೇ ರಿಸೀವರ್ 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ) ದಾಟಿಸೂದಿಲ್ಲ. ರಿಸೀವರ್ ಎರಡನೇ ಪರದಿಯಂಗ ಕಾಣತೈತಿ, ಮೌಸ್ ಅಲ್ಲಿ ಹೋಗಿ ಕಳೀತೈತಿ. ಸಿಟ್ಟಿಗೆದ್ದು ಅದನ್ನ ಡಿಸ್‌ಕನೆಕ್ಟ್ ಮಾಡಿದ್ರ ಸೌಂಡೂ ಹೋಗತೈತಿ. ಡಿಸ್‌ಪ್ಲೇ ಸೆಟ್ಟಿಂಗ್‌ನ್ಯಾಗ ಆ ಪರದೀನ ಮೂಲಿಗೆ ಜಗ್ಗಿ, ತುದಿಗೆ ತುದಿ ಹತ್ತಿಸಿ ಬಿಡ್ರಿ.

ಪ್ರಶ್ನೆ ಕೇಳಿದವರು
ಆರು ಆರ್‌ಸಿಎ ಇದ್ದ ಸೆಟ್ಟನ್ನ ನೋಡ್ತೀನ್ರಿ. ಹಿಂದಿನ ಸ್ಪೀಕರ್ ಹಿಂದಿನ ಗ್ವಾಡಿಗೇ ಬಡೀಬೇಕೇನು? ನಡುವ ಮಂಚ ಐತಿ.

ಉತ್ತರ 1
ಬ್ಯಾಡ್ರಿ. ಎದುರಿನ ಸೆಂಟರ್ ಸೊನ್ನೆ ಡಿಗ್ರಿ ಹಿಡಿದ್ರ, ಮುಂದಿನ ಜೋಡಿ 30ಕ್ಕ, ಹಿಂದಿನ ಜೋಡಿ 110ರ ಆಸುಪಾಸು. ಅಂದ್ರ ಕುರ್ಚಿಯ ಎರಡೂ ಬಾಜೂಕ, ಸ್ವಲ್ಪ ಹಿಂದ, ಕಿವಿಗಿಂತ ತುಸು ಮ್ಯಾಗ. ಬಾಜೂನ ಗ್ವಾಡಿಗೆ ಬಡದ್ರ ಮಂಚದ ತಂಟೆನೂ ಇಲ್ಲ. ಕಿವಿಗೆ ಹತ್ತಿರ ಆದದ್ದಕ್ಕ ಹಿಂದಿನ ವಾಲ್ಯೂಮ್ ಮಾತ್ರ ಇಳಿಸ್ರಿ.