ಹೊರಗಿಟ್ಟ ಕುಂಬಳಕಾಯಿ ತಳದಿಂದ ಮೆತ್ತಗಾಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಹಿತ್ತಿಲ ಬಳ್ಳಿ:
ಈ ಸಲ ಬಳ್ಳಿಯಲ್ಲಿ ಹನ್ನೊಂದು ಸಿಹಿಗುಂಬಳ ಸಿಕ್ಕಿತು. ಮನೆಯೊಳಗೆ ಜಾಗ ಇಲ್ಲ, ಬಾಗಿಲ ಮುಂದಿನ ಸಿಮೆಂಟ್ ಕಟ್ಟೆ ಮೇಲೆ ಸಾಲಾಗಿ ಜೋಡಿಸಿದ್ದೇನೆ. ನೋಡಲಿಕ್ಕೂ ಚಂದ. ಆದರೆ ಚಳಿಗಾಲಕ್ಕೆ ಮುಂಚಿನ ಈ ಹವೆ ಇದೆಯಲ್ಲ, ದಿನಕ್ಕೊಂದು ಥರ. ಮಧ್ಯಾಹ್ನ 24 ಡಿಗ್ರಿ, ರಾತ್ರಿ 4, ನಡುವೆ ಎರಡು ದಿನ ಜಡಿಮಳೆ. ಚಳಿ ತಾಗಬಾರದು ಅಂತ ಸಂಜೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆಲ್ಲ ಕಲ್ಲು ಇಡುತ್ತೇನೆ, ಬೆಳಿಗ್ಗೆ ಒಂಬತ್ತಕ್ಕೋ ಹತ್ತಕ್ಕೋ ತೆಗೆಯುತ್ತೇನೆ. ಇಷ್ಟೆಲ್ಲ ಮಾಡಿದರೂ ಮೂರನೇ ವಾರಕ್ಕೆ ನಾಲ್ಕು ಕಾಯಿ ಹೋದವು. ಎರಡರ ತಳಕ್ಕೆ ಬೆರಳಿಟ್ಟರೆ ಒಳಗೇ ಹೋಗುತ್ತದೆ. ಇನ್ನೆರಡಕ್ಕೆ ತೊಟ್ಟಿನ ಸುತ್ತ ಕಪ್ಪಾಗಿ ಬೂಷ್ಟು ಹಿಡಿದಿದೆ. ಕಟ್ಟೆಗೆ ಸೂರು ಇದೆ, ಹಾಗಾಗಿ ಮಳೆಗೆ ನೆಂದಿಲ್ಲ. ಚಳಿಯೇ ಕಾರಣ ಅಲ್ವಾ? ಇನ್ನೂ ದಪ್ಪ ಹಾಳೆ ತರಲಾ?

ಒಣಹುಲ್ಲು:
ದಪ್ಪ ಹಾಳೆ ಬೇಡ, ಇರುವುದನ್ನೂ ಮಡಚಿಡಿ! ಮೊದಲು ಇಷ್ಟು ಹೇಳಿ. ಕೊಯ್ಯುವಾಗ ತೊಟ್ಟು ಎಷ್ಟು ಬಿಟ್ಟಿರಿ? ಆಮೇಲೆ ಸ್ವಲ್ಪ ದಿನ ಬೆಚ್ಚಗಿನ ಜಾಗದಲ್ಲಿ ಇಟ್ಟು ಸಿಪ್ಪೆ ಗಟ್ಟಿಯಾಗಲು ಬಿಟ್ಟಿರಾ, ಇಲ್ಲ ಸೀದಾ ಕಟ್ಟೆಗೆ ಬಂತಾ? ಬೆಳಿಗ್ಗೆ ಹಾಳೆಯ ಒಳಗಡೆ ಮುಟ್ಟಿ ನೋಡಿದ್ದೀರಾ?

ಹಿತ್ತಿಲ ಬಳ್ಳಿ:
ತೊಟ್ಟು ನಾಲ್ಕು ಬೆರಳು ಬಿಟ್ಟಿದ್ದೆ. ಆದರೆ ತರುವಾಗ ತೊಟ್ಟು ಹಿಡಿದೇ ಎತ್ತಿದ್ದು, ಎರಡು ಕಾಯಿಗೆ ತೊಟ್ಟಿನ ಬುಡದಲ್ಲಿ ಬಿರುಕು ಬಿಟ್ಟಿತು. ಬೆಚ್ಚಗೆ ಗಿಚ್ಚಗೆ ಏನೂ ಇಟ್ಟಿಲ್ಲ, ಮಣ್ಣಿತ್ತು ಅಂತ ಪೈಪ್ ಹಿಡಿದು ತೊಳೆದು ಹಾಗೇ ಸಾಲಿಗೆ ಇಟ್ಟೆ. ಹಾಳೆ ಈಗಷ್ಟೇ ತೆಗೆದು ನೋಡಿದೆ. ಒಳಗೆಲ್ಲ ಹನಿ ಹನಿ, ಕಾಯಿಗಳ ಮೇಲಿಂದ ನೀರಿಳಿದು ತಳದಲ್ಲಿ ನಿಂತಿದೆ. ರಾತ್ರಿ ಮಳೆಯೇ ಬಂದಿಲ್ಲವಲ್ಲ!

ಒಣಹುಲ್ಲು:
ನಿಮ್ಮ ಮಳೆ ಹಾಳೆಯೊಳಗೇ ಬರುತ್ತಿದೆ. ಹಗಲು ಕಾಯಿಯೂ ಕಟ್ಟೆಯೂ ಬಿಸಿ ಹಿಡಿದಿರುತ್ತವೆ, ಸಂಜೆ ನೀವು ಅದರ ತೇವವನ್ನೆಲ್ಲ ಒಳಗೆ ಹಾಕಿ ಕಲ್ಲಿಟ್ಟು ಮುಚ್ಚುತ್ತೀರಿ, ರಾತ್ರಿ ಹಾಳೆ ತಣ್ಣಗಾದಾಗ ಆ ತೇವವೇ ಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಇನ್ನೊಂದು ಸುತ್ತು. ಗಾಳಿ ಬೇಗ ಬೆಚ್ಚಗಾಗುತ್ತದೆ, ಐದು ಕೆಜಿ ಕಾಯಿ ಅಷ್ಟು ಬೇಗ ಬೆಚ್ಚಗಾಗುವುದಿಲ್ಲ, ಹಾಗಾಗಿ ಫ್ರಿಜ್ಜಿನಿಂದ ತೆಗೆದ ಬಾಟಲಿ ಥರ ಮೈಯೆಲ್ಲ ಬೆವರುತ್ತದೆ. ಆ ನೀರು ನಿಲ್ಲುವುದು ಎರಡೇ ಕಡೆ, ತೊಟ್ಟಿನ ಗುಳಿಯಲ್ಲಿ ಮತ್ತು ತಳದಲ್ಲಿ. ನಿಮ್ಮ ಕಾಯಿ ಕೊಳೆತದ್ದೂ ಅಲ್ಲೇ. ಬಿರುಕು ಬಿಟ್ಟ ತೊಟ್ಟು ಬೇರೆ ಸೇರಿತು, ಬೂಷ್ಟಿಗೆ ಇನ್ನೇನು ಬೇಕು.

ಚಳಿಗೂ ಪಾಲಿದೆ, ಇಲ್ಲ ಅನ್ನುವುದಿಲ್ಲ. 10 ಡಿಗ್ರಿಗಿಂತ ಕೆಳಗಿನ ಚಳಿ ದಿನಗಟ್ಟಲೆ ತಾಗಿದರೆ ಪೆಟ್ಟು ಒಳಗೇ ಕೂಡುತ್ತಾ ಹೋಗುತ್ತದೆ, ಮೇಲೆ ಏನೂ ಕಾಣದೆ ಎಷ್ಟೋ ದಿನದ ಮೇಲೆ ಕೊಳೆತ ಶುರುವಾಗುತ್ತದೆ. ಒಂದೆರಡು ರಾತ್ರಿ ಕೆಲವು ಗಂಟೆ 4ಕ್ಕೆ ಇಳಿದರೆ ಕಾಯಿ ಸಾಯುವುದಿಲ್ಲ. ಸೊನ್ನೆಗಿಂತ ಕೆಳಗೆ ಹೋಗುತ್ತದೆ ಅಂತ ಮುನ್ಸೂಚನೆ ಇದ್ದರೆ ಮಾತ್ರ ಸುಮ್ನೆ ಹೊದಿಕೆ ನಂಬಬೇಡಿ, ಒಳಗೆ ತನ್ನಿ. ಒಮ್ಮೆ ಒಳಗಿನ ನೀರು ಹೆಪ್ಪುಗಟ್ಟಿ ಕರಗಿದರೆ ಆ ಭಾಗ ಬೇಯಿಸಿದ ಹಾಗೆ ಆಗುತ್ತದೆ, ಅದು ಮತ್ತೆ ಸರಿಯಾಗುವುದಿಲ್ಲ.

ಉಳಿದ ಏಳನ್ನು ಇವತ್ತೇ ನೋಡಿ. ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ, ಕೈಗವಸು ಹಾಕಿಕೊಂಡು, ಬಟ್ಟೆ ಅದ್ದಿ ಹಿಂಡಿ ಒರೆಸಿ, ತೊಟ್ಟಿನ ಗುಳಿಯನ್ನೂ ಬಿಡಬೇಡಿ. ಆಮೇಲೆ ಒಣಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಈ ಒಣಗಿಸುವುದನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಕಟ್ಟೆ ಮೇಲೆ ಎರಡು ಮರದ ಪಟ್ಟಿ ಹಾಕಿ ಅದರ ಮೇಲೆ ಕೂರಿಸಿ, ಕಾಯಿಗೆ ಕಾಯಿ ತಾಗಬಾರದು. ಹುಲ್ಲು ಹಾಕುವುದಾದರೆ ಒದ್ದೆಯಾದ ದಿನವೇ ಬದಲಿಸಬೇಕು, ನೆಂದ ಹುಲ್ಲು ಸಿಮೆಂಟಿಗಿಂತ ಕೆಟ್ಟದ್ದು. ಮೂರು ದಿನಕ್ಕೊಮ್ಮೆ ಎತ್ತಿ ತಳ ಒತ್ತಿ ನೋಡಿ, ತೊಟ್ಟು ಹಿಡಿದು ಅಲ್ಲ, ಎರಡೂ ಕೈ ಕೆಳಗೆ ಕೊಟ್ಟು. ತೀರಾ ಚಳಿ ಇರುವ ರಾತ್ರಿ ಹಳೇ ಬೆಡ್‌ಶೀಟೋ ಗೋಣಿಚೀಲವೋ ಹೊದಿಸಿ, ಬೆಳಕು ಹರಿದ ಕೂಡಲೇ ತೆಗೆಯಿರಿ. ಮಧ್ಯಾಹ್ನದ ನೇರ ಬಿಸಿಲೂ ಬೇಡ.

ತೂತುಕುಡಿಕೆ:
ಬ್ಲೀಚ್ ಜೊತೆ ವಿನೆಗರ್ ಬೆರೆಸಿದರೆ ಇನ್ನೂ ಜೋರು ಅಂತ ಎಲ್ಲೋ ಓದಿದ್ದೆ. ಆಮೇಲೆ ವಾರ್ನಿಷ್ ಹೊಡೆದುಬಿಟ್ಟರೆ ನೀರು ತಾಗುವುದೇ ಇಲ್ಲವಲ್ಲ?

ಒಣಹುಲ್ಲು:
ದಯವಿಟ್ಟು ಬೆರೆಸಬೇಡಿ! ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅಪಾಯ. ವಾರ್ನಿಷ್ ಬರೀ ಶೋಭೆಗೆ ಇಡುವ ಕಾಯಿಗೆ ನಿಮ್ಮಿಷ್ಟ, ಆದರೆ ತಿನ್ನುವ ಕಾಯಿಗೆ ಬೇಡವೇ ಬೇಡ. ಸಿಪ್ಪೆ ಮೇಲೆ ಆಗಲೇ ಇರುವ ಬೂಷ್ಟನ್ನು ಒಳಗೇ ಇಟ್ಟು ಮುಚ್ಚಿದ ಹಾಗೂ ಆಗುತ್ತದೆ.

ಅಂಗಳದ ದೀಪ:
ನಾನು ಕೆತ್ತಿ ಒಳಗೆ ದೀಪ ಇಡುತ್ತೇನೆ, ನಾಲ್ಕೇ ದಿನಕ್ಕೆ ಮುಖ ಕುಗ್ಗಿ ಮುದುಕನ ಥರ ಆಗುತ್ತದೆ. ಇದಕ್ಕೂ ಇದೇ ಮದ್ದಾ?

ಒಣಹುಲ್ಲು:
ನಿಮ್ಮದು ಉಲ್ಟಾ ರೋಗ. ಸಿಪ್ಪೆ ಕೆತ್ತಿದ ಮೇಲೆ ತಿರುಳಿನ ನೀರು ಹೊರಗೆ ಹೋಗಿ ಕಾಯಿ ಕುಗ್ಗುತ್ತದೆ. ಕೆತ್ತಿದ ಅಂಚಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಒಳಗಿನ ನಾರು, ಬೀಜ ಚೆನ್ನಾಗಿ ಕೆರೆದು ತೆಗೆಯಿರಿ. ಮೇಣದ ಬತ್ತಿ ಬದಲು ಎಲ್‌ಇಡಿ ಇಡಿ, ಬತ್ತಿಯ ಬಿಸಿಗೆ ಒಳಗಡೆ ಬೇಯುತ್ತದೆ, ಜೆಲ್ಲಿ ಸವರಿದ್ದರೆ ಬೆಂಕಿಯ ಭಯವೂ ಇದೆ. ಇಷ್ಟು ಮಾಡಿದರೂ ವಾರದ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಹಬ್ಬದ ಹಿಂದಿನ ದಿನ ಕೆತ್ತುವುದೇ ವಾಸಿ.

ಹಿತ್ತಿಲ ಬಳ್ಳಿ:
ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಏಳರಲ್ಲಿ ಆರು ಗಟ್ಟಿಯಾಗಿವೆ. ಹಾಳೆ ಬಿಟ್ಟ ಮೇಲೆ ಬೆಳಿಗ್ಗೆ ಕಟ್ಟೆ ಒಣಗಿರುತ್ತದೆ, ಇದಕ್ಕೇ ಅರ್ಧ ಖುಷಿ. ಒಂದು ಮಾತ್ರ ಹೋಯಿತು. ಅದರ ಸಿಪ್ಪೆಗೆ ಉಗುರು ಸಲೀಸಾಗಿ ಇಳಿಯುತ್ತಿತ್ತು.

ಒಣಹುಲ್ಲು:
ಅದು ಬಲಿತೇ ಇರಲಿಲ್ಲ ಬಿಡಿ. ಉಗುರು ಒತ್ತಿದರೆ ಸಿಪ್ಪೆ ಬಗ್ಗಬಾರದು, ಬಗ್ಗುವ ಕಾಯಿಯನ್ನು ಮೊದಲು ಅಡುಗೆಗೆ ಹಾಕಿ. ಮುಂದಿನ ಸಲ ಕೊಯ್ದ ಕೂಡಲೇ 27ರಿಂದ 29 ಡಿಗ್ರಿ ಇರುವ, ಗಾಳಿಯಾಡುವ ಜಾಗದಲ್ಲಿ ಹತ್ತು ದಿನ ಇಡಿ. ಸಿಪ್ಪೆ ಗಟ್ಟಿಯಾಗುತ್ತದೆ, ಚಿಕ್ಕ ಗೀರುಗಳೂ ಕೂಡಿಕೊಳ್ಳುತ್ತವೆ. ಆಮೇಲೆ 10ರಿಂದ 13 ಡಿಗ್ರಿಯ ಒಣ ಜಾಗ ಸಿಕ್ಕರೆ ಎರಡು ಮೂರು ತಿಂಗಳು ಇರುತ್ತದೆ. ಪಕ್ಕದಲ್ಲಿ ಸೇಬಿನ ಬುಟ್ಟಿ ಇಡಬೇಡಿ, ಹಣ್ಣು ಬಿಡುವ ಎಥಿಲೀನಿಗೆ ಕಾಯಿ ಬೇಗ ಹಾಳಾಗುತ್ತದೆ.

ಹಿತ್ತಿಲ ಬಳ್ಳಿ:
ಸೇಬಿನ ಬುಟ್ಟಿ ಅಲ್ಲೇ ಪಕ್ಕದಲ್ಲಿದೆ ಗುರುಗಳೇ. ಎತ್ತಿಟ್ಟು ಬಂದೆ.